ವರ್ಷಕ್ಕೊಮ್ಮೆ ಗುಡಿಸಿದ ಚಿಮಣಿಗೂ ಬೆಂಕಿ ಬಿತ್ತು: ಒಂದು ಮನೆಯ ಪ್ರಕರಣ

ಭಾವ ರಶೀದಿ ತೋರಿಸಿದರು. "ಚಿಮಣಿ ಸ್ವಚ್ಛ ಮಾಡಲಾಗಿದೆ" ಅಂತ ಬರೆದಿತ್ತು. ಕೆಳಗೆ ಸಹಿ, ಸೆಪ್ಟೆಂಬರ್ ಕೊನೆಯ ತಾರೀಖು. ನಾವು ಅದನ್ನು ನೋಡುತ್ತಾ ಕೂತಿದ್ದು ಜನವರಿ ಕೊನೆಯಲ್ಲಿ. ನಡುವೆ ನಾಲ್ಕೇ ತಿಂಗಳು. ರಶೀದಿಯ ಪಕ್ಕದಲ್ಲಿ ಒಂದು ಕಾಗದದ ಲೋಟ ಇತ್ತು. ಅಕ್ಕ ಬೆಳಗ್ಗೆ ಅಂಗಳದಿಂದ ಹೆಕ್ಕಿ ತಂದ ಕಪ್ಪು ಚೂರುಗಳು ಅದರಲ್ಲಿದ್ದವು. ಹಗುರವಾಗಿ, ಉಬ್ಬಿಕೊಂಡು, ಜೇನುಗೂಡಿನ ಹಾಗೆ ತೂತು ತೂತಾಗಿದ್ದವು. ಬೆರಳಲ್ಲಿ ಒತ್ತಿದರೆ ಪುಡಿ.

"ಯಾವುದೋ ಹಕ್ಕಿ ಗೂಡು ಸುಟ್ಟಿರಬೇಕು ಅಂದುಕೊಂಡೆ" ಅಂದಳು ಅಕ್ಕ.

ಹಕ್ಕಿ ಗೂಡಲ್ಲ. ಹಿಂದಿನ ರಾತ್ರಿ ಅವರ ಚಿಮಣಿಯೊಳಗೆ ಬೆಂಕಿ ಹತ್ತಿ, ಉರಿದು, ತಾನಾಗೇ ಆರಿತ್ತು. ಮನೆಯಲ್ಲಿದ್ದ ನಾಲ್ವರಿಗೂ ಅದು ಬೆಂಕಿ ಅಂತ ಗೊತ್ತಾಗಿರಲಿಲ್ಲ.

ಈ ಪ್ರಕರಣವನ್ನು ಬರೆಯಲು ಒಂದು ಕಾರಣ ಇದೆ. ಚಿಮಣಿಯನ್ನು ಎಷ್ಟು ಸಲ ಗುಡಿಸಬೇಕು ಅಂತ ಅಕ್ಕ ಮನೆ ಕೊಂಡಾಗಲೇ ನನ್ನನ್ನು ಕೇಳಿದ್ದಳು. ನಾನು ಕಟ್ಟಡದ ಕೆಲಸದಲ್ಲಿರುವವನು. ಹಾಗಾಗಿ ನನ್ನ ಮಾತಿಗೆ ಮನೆಯಲ್ಲಿ ಸ್ವಲ್ಪ ಬೆಲೆ ಜಾಸ್ತಿ. "ವರ್ಷಕ್ಕೊಮ್ಮೆ ಸಾಕು" ಅಂತ ಫೋನಿನಲ್ಲೇ ಹೇಳಿ ಮುಗಿಸಿದ್ದೆ. ಅವರು ನಾನು ಹೇಳಿದ ಹಾಗೇ ಮಾಡಿದ್ದರು.

ಮೊದಲೇ ಒಂದು ಮಾತು. ಇಲ್ಲಿ ಚಿಮಣಿ ಅಂದರೆ ಗ್ಯಾಸ್ ಒಲೆಯ ಮೇಲೆ ಗೋಡೆಗೆ ಹಾಕುವ ಕರೆಂಟಿನ ಚಿಮಣಿ ಅಲ್ಲ. ಚಳಿ ಜಾಸ್ತಿ ಇರುವ ಕಡೆ ಮನೆ ಬೆಚ್ಚಗಿಡಲು ಸೌದೆ ಉರಿಸುತ್ತಾರಲ್ಲ, ಆ ಹೊಗೆಯನ್ನು ಸೂರಿನ ಮೇಲಕ್ಕೆ ಕೊಂಡೊಯ್ಯುವ ಇಟ್ಟಿಗೆಯ ಹೊಗೆಗೂಡು.

ಮನೆ ಎರಡು ಅಂತಸ್ತಿನದು, ನಲವತ್ತು ವರ್ಷಕ್ಕಿಂತ ಹಳೆಯದು. ಚಿಮಣಿ ಮನೆಯ ಒಳಗಿಲ್ಲ, ಹೊರಗೋಡೆಗೆ ಅಂಟಿಕೊಂಡು ಮೇಲೇರುತ್ತದೆ. ಅಂದರೆ ಅದರ ಮೂರು ಮಗ್ಗುಲು ಚಳಿಗಾಳಿಗೆ ತೆರೆದೇ ಇವೆ. ಎತ್ತರ ಸುಮಾರು 26 ಅಡಿ. ಹೊರಗೆ ಇಟ್ಟಿಗೆ, ಒಳಗೆ ಒಂದರ ಮೇಲೊಂದು ಕೂರಿಸಿದ ಸುಟ್ಟ ಮಣ್ಣಿನ ಚೌಕ ಕೊಳವೆಗಳು. ಕಟ್ಟಿದಾಗ ಅಲ್ಲಿದ್ದದ್ದು ತೆರೆದ ಅಗ್ಗಿಷ್ಟಿಕೆ. ಹಿಂದಿನ ಮಾಲೀಕರು ಅದರ ಬಾಯಿಗೆ ಒಂದು ಕಬ್ಬಿಣದ ಸೌದೆ ಒಲೆ ಕೂರಿಸಿದ್ದರು. ಬಾಗಿಲು ಮುಚ್ಚಿ ಉರಿಸುವ, ಗಾಜಿನ ಕಿಟಕಿ ಇರುವ ಒಲೆ. ಅದರ ಹೊಗೆ ಕೊಳವೆ ನಾಲ್ಕು ಅಡಿ ಮೇಲೇರಿ ಹಳೆಯ ಚಿಮಣಿಯೊಳಗೆ ಬಾಯಿ ತೆರೆದು ನಿಂತಿತ್ತು. ಅಲ್ಲಿಂದ ಮುಂದೆ ಹೊಗೆ ತನಗೆ ತೋಚಿದ ಹಾಗೆ ಹೋಗಬೇಕು.

ಮೊದಲ ಚಳಿಗಾಲದಲ್ಲಿ ಸೌದೆ ತರಿಸಿಕೊಂಡರು. "ಒಣಗಿದ್ದೇ" ಅಂತ ಹೇಳಿ ಕೊಟ್ಟಿದ್ದರಂತೆ. ಸಂಜೆ ಒಲೆ ಹಚ್ಚಿ, ಮಲಗುವ ಮುಂಚೆ ಬಾಯಿ ತುಂಬ ಸೌದೆ ತುರುಕಿ, ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚುತ್ತಿದ್ದರು. ಹಾಗೆ ಮಾಡಿದರೆ ಬೆಳಗಿನ ತನಕ ಕೆಂಡ ಇರುತ್ತದೆ. ಒಲೆ ಇರುವ ಮನೆಗಳಲ್ಲಿ ಬಹಳ ಜನ ಮಾಡುವುದು ಇದನ್ನೇ.

ಎರಡನೇ ಚಳಿಗಾಲಕ್ಕೆ ಮುಂಚೆ, ಸೆಪ್ಟೆಂಬರಿನಲ್ಲಿ, ಚಿಮಣಿ ಕೆಲಸದವರನ್ನು ಕರೆಸಿದರು. ಒಬ್ಬರು ಬಂದರು, ಸೂರಿಗೆ ಹತ್ತಿದರು, ತಂತಿ ಬ್ರಷ್ ಇಳಿಸಿ ನಾಲ್ಕಾರು ಸಲ ಎಳೆದಾಡಿದರು, ಕೆಳಗೆ ಬಿದ್ದ ಮಸಿ ಬಾಚಿಕೊಂಡರು, ರಶೀದಿ ಕೊಟ್ಟರು. ಎಲ್ಲ ಸೇರಿ ಇಪ್ಪತ್ತು ನಿಮಿಷ ಅಂತ ಅಕ್ಕ ನೆನಪಿಸಿಕೊಂಡಳು. ಒಳಗೆ ಹೇಗಿದೆ ಅಂತ ಅವರು ಹೇಳಲಿಲ್ಲ, ಇವರೂ ಕೇಳಲಿಲ್ಲ.

ಜನವರಿಯ ಆ ರಾತ್ರಿ ಹನ್ನೊಂದರ ಸುಮಾರಿಗೆ ಒಂದು ಸದ್ದು ಬಂತು. ಭಾವ ಹೇಳಿದ್ದು ಹೀಗೆ: "ದೊಡ್ಡ ಲಾರಿ ಮನೆ ಮುಂದೆ ನಿಂತು ಎಂಜಿನ್ ಓಡಿಸ್ತಾ ಇದ್ದ ಹಾಗೆ." ಕಿಟಕಿ ತೆಗೆದು ನೋಡಿದರು. ಲಾರಿ ಇಲ್ಲ. ಗಾಳಿ ಇರಬೇಕು ಅಂದುಕೊಂಡು ಮಲಗಿದರು. ಹತ್ತು ನಿಮಿಷಕ್ಕೆ ಸದ್ದು ನಿಂತಿತು.

ಚಿಮಣಿ ಬೆಂಕಿಯ ಸದ್ದು ಅದೇ. ಕೆಳಗಿನಿಂದ ಗಾಳಿ ಎಳೆದುಕೊಂಡು ಕೊಳವೆಯೊಳಗೆ ಉರಿ ಮೇಲೇರುವಾಗ ರೈಲು ಹೋದ ಹಾಗೆ, ವಿಮಾನ ಕೆಳಗಿಳಿದ ಹಾಗೆ ಕೇಳಿಸುತ್ತದೆ. ಒಳಗಿನ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಬಹುದು. ಕೆಲವು ಬೆಂಕಿಗಳಿಗೆ ಸದ್ದೂ ಇರುವುದಿಲ್ಲ. ಗಾಳಿ ಸಾಲದೆ ಒಳಗೊಳಗೇ ನಿಧಾನವಾಗಿ ಉರಿದು ಹೋಗುತ್ತವೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ.

ಅಂಥ ಸದ್ದು ಕೇಳಿದರೆ ಒಲೆಯ ಬಾಗಿಲು ಮತ್ತು ಗಾಳಿಕಿಂಡಿ ಮುಚ್ಚಿ, ಎಲ್ಲರೂ ಹೊರಗೆ ಬಂದು, ಅಗ್ನಿಶಾಮಕದವರಿಗೆ ಫೋನ್ ಮಾಡಬೇಕು. ಚಿಮಣಿಗೆ ನೀರು ಸುರಿಯಬಾರದು. ಕಾದ ಮಣ್ಣಿನ ಕೊಳವೆ ತಣ್ಣೀರಿಗೆ ಸಿಡಿಯುತ್ತದೆ, ಹಬೆ ತಿರುಗಿ ಮುಖಕ್ಕೇ ಬರುತ್ತದೆ. ಬೆಂಕಿ ತಾನಾಗಿ ಆರಿದರೂ ಯಾರಾದರೂ ಒಳಗೆ ನೋಡಿ ಹೇಳುವ ತನಕ ಮತ್ತೆ ಒಲೆ ಹಚ್ಚಬಾರದು. ಅಕ್ಕನ ಮನೆಯಲ್ಲಿ ಮರುದಿನ ಬೆಳಗ್ಗೆ ಆರಕ್ಕೇ ಹಚ್ಚಿದ್ದರು. ನಾನು ಹೋದಾಗ ಅದು ಉರಿಯುತ್ತಿತ್ತು.

ಲೋಟದ ಚೂರು ನೋಡಿದ ಮೇಲೆ ಮೊದಲು ಮಾಡಿದ ಕೆಲಸ ಒಲೆ ಆರಿಸಿದ್ದು. ಎರಡನೆಯದು ಗೋಡೆಯ ಮೇಲಿದ್ದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಳಚಿ ಹಿಂದೆ ತಿರುಗಿಸಿ ನೋಡಿದ್ದು. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಡೆದ ಚಿಮಣಿಯಿಂದ ಮನೆಯೊಳಗೆ ನುಸುಳಿದರೆ ಗೊತ್ತುಮಾಡಿಸಲು ಇರುವುದು ಆ ಪುಟ್ಟ ಡಬ್ಬಿಯೊಂದೇ. ಅಂಥ ಅಲಾರಮ್ಮಿನ ಆಯುಸ್ಸು ಮಾದರಿಗೆ ತಕ್ಕಂತೆ ಸಾಮಾನ್ಯವಾಗಿ 5ರಿಂದ 10 ವರ್ಷ. ಹಿಂಬದಿಯಲ್ಲಿ ಮುದ್ರಿಸಿದ್ದ ತಾರೀಖು ಮುಗಿದು ಮೂರು ವರ್ಷ ಆಗಿತ್ತು. ಹಸಿರು ದೀಪ ಮಾತ್ರ ಶಿಸ್ತಾಗಿ ಮಿನುಗುತ್ತಿತ್ತು.

ಎರಡು ದಿನ ಬಿಟ್ಟು ಬೇರೆ ಒಬ್ಬರು ಬಂದರು. ವಯಸ್ಸಾದವರು, ಮಾತು ಕಡಿಮೆ. ಮೊದಲು ಬ್ರಷ್ ತೆಗೆಯಲಿಲ್ಲ. ಒಲೆಯ ಮುಂದೆ ಮಂಡಿಯೂರಿ ಗಾಜು ನೋಡಿದರು. ಗಾಜು ಪೂರ್ತಿ ಕಪ್ಪಾಗಿತ್ತು. "ಬಾಗಿಲು ತೆಗೆದರೆ ಹೊಗೆ ಮನೆಯೊಳಗೆ ಬರುತ್ತಾ?" ಅಂತ ಕೇಳಿದರು. ಈ ವರ್ಷ ಬರುತ್ತಿತ್ತು ಅಂದಳು ಅಕ್ಕ. "ಮಳೆಗಾಲದಲ್ಲಿ, ಒಲೆ ಹಚ್ಚದೇ ಇದ್ದಾಗಲೂ, ಹುಳಿ ಹುಳಿ ಹೊಗೆ ವಾಸನೆ?" ಅದೂ ಇತ್ತು. ಹಳೇ ಮನೆ ಅಲ್ವಾ, ಹೀಗೇ ಇರಬೇಕು ಅಂದುಕೊಂಡಿದ್ದರು.

ಮೂರೂ ಸೂಚನೆಗಳೇ. ಗಾಜು ಕಪ್ಪಾಗುವುದು ಉರಿ ತಣ್ಣಗಿದೆ ಅನ್ನುವುದಕ್ಕೆ. ಹೊಗೆ ಹಿಂದಕ್ಕೆ ಬರುವುದು ಮೇಲೆ ದಾರಿ ಕಟ್ಟಿದೆ ಅನ್ನುವುದಕ್ಕೆ. ಹುಳಿ ವಾಸನೆ ಒಳಗೆ ಕ್ರಿಯೋಸೋಟ್, ಅಂದರೆ ಹೊಗೆ ತಣ್ಣಗಾಗಿ ಗೋಡೆಗೆ ಅಂಟುವ ಟಾರಿನಂಥ ಮಸಿ, ಕೂತಿದೆ ಅನ್ನುವುದಕ್ಕೆ. ತೇವ ತಗುಲಿದಾಗ ಅದರ ವಾಸನೆ ಇನ್ನೂ ಜೋರು.

ಆಮೇಲೆ ಅವರು ಸೂರಿಗೆ ಹತ್ತಿ ಚಿಮಣಿಯ ತಲೆಯ ಮೇಲಿನ ಮುಚ್ಚಳ ಬಿಚ್ಚಿ ಕೆಳಗೆ ತಂದರು. ಸುತ್ತಲೂ ಜಾಲರಿ ಇರುವ ಮುಚ್ಚಳ ಅದು. ಮಳೆ, ಹಕ್ಕಿ ಒಳಗೆ ಬರಬಾರದು, ಕಿಡಿ ಹೊರಗೆ ಹಾರಬಾರದು ಅಂತ ಇರುವುದು. ಜಾಲರಿಯ ಅರ್ಧಕ್ಕಿಂತ ಹೆಚ್ಚು ಕಣ್ಣುಗಳು ಡಾಂಬರು ಬಳಿದ ಹಾಗೆ ಮುಚ್ಚಿದ್ದವು. ಇನ್ನೊಂದು ಮಗ್ಗುಲಲ್ಲಿ ಲೋಹ ಬಣ್ಣ ಬದಲಾಗಿ ಸೊಟ್ಟಗಾಗಿತ್ತು. ಅದು ಬೆಂಕಿಯ ಗುರುತು. ಸೆಪ್ಟೆಂಬರಿನಲ್ಲಿ ಬಂದವರು ಬ್ರಷ್ ಇಳಿಸಲು ಇದೇ ಮುಚ್ಚಳ ಬಿಚ್ಚಿರಲೇಬೇಕು. ಬಿಚ್ಚಿ ಪಕ್ಕಕ್ಕಿಟ್ಟು, ಮತ್ತೆ ಹಾಗೇ ಕೂರಿಸಿದ್ದಾರೆ. ಜಾಲರಿ ತಿಕ್ಕುವುದು ಐದು ನಿಮಿಷದ ಕೆಲಸ. ಯಾಕೆ ಬಿಟ್ಟರೋ.

ಕೊನೆಗೆ ಕೆಳಗಿನಿಂದ ಕ್ಯಾಮೆರಾ ತೂರಿಸಿದರು. ಉದ್ದನೆಯ ಕಡ್ಡಿಯ ತುದಿಗೆ ಪುಟ್ಟ ಕ್ಯಾಮೆರಾ, ಸುತ್ತ ದೀಪ. ಕೈಯಲ್ಲಿ ಪರದೆ. ನಾನೂ ಭಾವನೂ ಅವರ ಹೆಗಲ ಮೇಲಿಂದ ಇಣುಕುತ್ತಿದ್ದೆವು. ಕೆಳಭಾಗದಲ್ಲಿ ಮಸಿ ಪುಡಿ ಪುಡಿಯಾಗಿತ್ತು, ಹೆಚ್ಚೇನಿಲ್ಲ. ಮೇಲೆ ಹೋದಂತೆ ಗೋಡೆ ಹೊಳೆಯತೊಡಗಿತು. ಒದ್ದೆಯಾಗಿದೆಯೇನೋ ಅನ್ನುವಂಥ ಕಪ್ಪು ಹೊಳಪು. ಅಲ್ಲಲ್ಲಿ ಆ ಹೊಳಪು ಸುಟ್ಟು, ಉಬ್ಬಿ, ಅಕ್ಕನ ಲೋಟದಲ್ಲಿದ್ದ ಚೂರಿನಂತೆ ನಿಂತಿತ್ತು. ಮೇಲಿನಿಂದ ಮೂರನೇ ಕೊಳವೆ ಬಂದಾಗ ಅವರು ಕೈ ನಿಲ್ಲಿಸಿದರು. ಉದ್ದಕ್ಕೂ ಒಂದು ಬಿರುಕು. ಕೂದಲೆಳೆಯಂಥದ್ದಲ್ಲ, ನಾಣ್ಯ ತೂರಿಸಬಹುದಾದಂಥದ್ದು. ಕೆಳಗಿನ ಕೊಳವೆಗೂ ಅದೇ ಬಿರುಕು ಇಳಿದಿತ್ತು. ಒಟ್ಟು ನಾಲ್ಕು ಕೊಳವೆ ಒಡೆದಿದ್ದವು. ಎರಡು ಕೊಳವೆ ಕೂಡುವ ಒಂದು ಜಾಗದಲ್ಲಿ ಗಾರೆ ಉದುರಿ ಹಿಂದಿನ ಇಟ್ಟಿಗೆ ಕಾಣುತ್ತಿತ್ತು.

"ಇದರ ಆಚೆ ಏನಿದೆ?" ಅಂತ ಕೇಳಿದರು. ಅಟ್ಟ. ಅಟ್ಟದ ಹಲಗೆ ಎರಡು ಕಿತ್ತು ನೋಡಿದೆವು. ಸೂರಿನ ಒಂದು ತೊಲೆ ಚಿಮಣಿಯ ಇಟ್ಟಿಗೆಗೆ ಒತ್ತಿಕೊಂಡೇ ನಿಂತಿತ್ತು. ನಡುವೆ ಬೆರಳು ತೂರುವಷ್ಟೂ ಜಾಗ ಇರಲಿಲ್ಲ. ಇಟ್ಟಿಗೆಗೆ ತಾಗಿದ ಮಗ್ಗುಲಲ್ಲಿ ಮರ ಕಡುಕಂದು ಬಣ್ಣಕ್ಕೆ ತಿರುಗಿತ್ತು. ಚಾಕು ತಾಗಿಸಿದರೆ ಪುಡಿ ಉದುರಿತು. ಮರಕ್ಕೆ ವರ್ಷಗಟ್ಟಲೆ ಬಿಸಿ ತಗುಲುತ್ತಾ ಇದ್ದರೆ ಅದು ಬೆಂಕಿ ಹತ್ತುವ ಉಷ್ಣತೆಯೂ ಇಳಿಯುತ್ತಾ ಹೋಗುತ್ತದೆ. ಹೊಸ ಮರ ತಡೆದುಕೊಳ್ಳುವ ಬಿಸಿಯನ್ನು ಈ ಮರ ತಡೆಯುವುದಿಲ್ಲ. ಆ ತೊಲೆಯ ಕೆಳಗೆ, ಗೋಡೆಯ ಈಚೆ, ಮಕ್ಕಳು ಮಲಗುವ ಕೋಣೆ. ಭಾವ ಏನೂ ಮಾತಾಡಲಿಲ್ಲ. ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದರು.

ಇನ್ನು, ವರ್ಷಕ್ಕೊಮ್ಮೆ ಗುಡಿಸಿದರೂ ಯಾಕೆ ಹೀಗಾಯಿತು? ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ ಪ್ರಶ್ನೆ ಇದು.

ಸೌದೆಯ ಹೊಗೆಯಲ್ಲಿ ನೀರಿನ ಆವಿ ಇರುತ್ತದೆ, ಪೂರ್ತಿ ಉರಿಯದ ಅನಿಲಗಳು ಇರುತ್ತವೆ, ಟಾರಿನ ಹನಿಗಳು ಇರುತ್ತವೆ. ಹೊಗೆ ಬಿಸಿಯಾಗಿ, ಬೇಗ ಹೊರಗೆ ಹೋದರೆ ಇವೆಲ್ಲ ಜೊತೆಗೇ ಹೋಗುತ್ತವೆ. ಚಿಮಣಿಯೊಳಗೆ ಹೊಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಗೋಡೆಗೆ ಬೆವರಿನಂತೆ ಕೂರುತ್ತವೆ. ಅದೇ ಕ್ರಿಯೋಸೋಟ್. ಕನ್ನಡದಲ್ಲಿ ಇಲ್ಲಣ ಅಂತ ಒಂದು ಒಳ್ಳೆಯ ಪದ ಇದೆ, ಹೊಗೆಯಾಡುವ ಕಡೆ ಸೂರಿನಿಂದ ಜೋತುಬೀಳುವ ಕರಿಗೆ. ಕ್ರಿಯೋಸೋಟಿನ ಮೊದಲ ಅವತಾರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಪುಡಿ, ಹಗುರ, ಬ್ರಷ್ ತಾಗಿದರೆ ಉದುರುತ್ತದೆ. ಎರಡನೆಯದು ಗಟ್ಟಿ ಚಕ್ಕೆ. ಕಷ್ಟಪಟ್ಟರೆ ಕೀಳಬಹುದು. ಮೂರನೆಯದು ಡಾಂಬರಿನಂಥ ಹೊಳಪಿನ ಲೇಪ. ಅದರ ಮೇಲೆ ಬ್ರಷ್ ಜಾರುತ್ತದೆ ಅಷ್ಟೇ. ಅದನ್ನು ತೆಗೆಯಲು ತಿರುಗುವ ಸರಪಳಿಯ ಯಂತ್ರವೋ, ಲೇಪವನ್ನು ಒಣಗಿಸಿ ಸಡಿಲ ಮಾಡುವ ರಾಸಾಯನಿಕವೋ ಬೇಕು.

ಸೆಪ್ಟೆಂಬರಿನ ಬ್ರಷ್ ಉದುರಿಸಿದ್ದು ಮೊದಲನೆಯದನ್ನು ಮಾತ್ರ. ಒಂದು ಬಕೆಟ್ ಮಸಿ ಬಿತ್ತು, ಎಲ್ಲರಿಗೂ ಸಮಾಧಾನ ಆಯಿತು. ಚೆನ್ನಾಗಿ ಉರಿಯುವ ಮೂರನೆಯದು ಗೋಡೆಯ ಮೇಲೇ ಉಳಿಯಿತು. ನವೆಂಬರಿನಿಂದ ಅದರ ಮೇಲೆ ಇನ್ನಷ್ಟು ಸೇರಿತು.

ಅಷ್ಟು ಬೇಗ ಸೇರಿದ್ದು ಯಾಕೆ ಅನ್ನುವುದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ, ಒಟ್ಟಿಗೆ ಗುಂಪು ಕಟ್ಟಿಕೊಂಡು ನಿಂತಿದ್ದವು. ಸೌದೆ ರಾಶಿಯಿಂದ ಒಂದು ತುಂಡು ತಂದು ತೇವ ಅಳೆಯುವ ಮೀಟರ್ ಚುಚ್ಚಿದೆ. ತುದಿಯಲ್ಲಿ 18 ಶೇಕಡಾ ತೋರಿಸಿತು. "ನೋಡಿ, ಒಣಗಿದೆ" ಅಂದರು ಭಾವ. ಅದೇ ತುಂಡನ್ನು ಕೊಡಲಿಯಲ್ಲಿ ಸೀಳಿ ಒಳಮೈಗೆ ಚುಚ್ಚಿದೆ. 31. ಉರಿಸುವ ಸೌದೆಯ ತೇವ 20 ಶೇಕಡಾಕ್ಕಿಂತ ಕಡಿಮೆ ಇರಬೇಕು. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಸೀಳಿ, ಮೇಲೆ ಮಾತ್ರ ಮುಚ್ಚಿ, ಪಕ್ಕದಿಂದ ಗಾಳಿಯಾಡುವ ಹಾಗೆ ಜೋಡಿಸಿಟ್ಟರೂ ಅದು ಒಣಗಲು ಕಡಿಮೆಯೆಂದರೂ ಆರು ತಿಂಗಳು. ಗಟ್ಟಿ ಮರಕ್ಕೆ ಒಂದು ವರ್ಷ, ಕೆಲವಕ್ಕೆ ಎರಡು. ಹಸಿ ಸೌದೆ ಹಾಕಿದರೆ ಒಲೆ ತನ್ನ ಬಿಸಿಯನ್ನು ನೀರು ಕುದಿಸುವುದಕ್ಕೇ ಖರ್ಚು ಮಾಡುತ್ತದೆ.

ಚಿಮಣಿಯ ಅಳತೆಯೂ ತಪ್ಪು. ಒಲೆಯ ಕೊಳವೆ 15 ಸೆಂ.ಮೀ. ದುಂಡು, ಅಂದರೆ ಹೊಗೆಗೆ ಸಿಗುವ ಜಾಗ ಸುಮಾರು 177 ಚದರ ಸೆಂ.ಮೀ. ಹಳೆಯ ಚಿಮಣಿಯ ಒಳಚೌಕ 28 ಸೆಂ.ಮೀ., ಅಂದರೆ 784. ನಾಲ್ಕು ಪಟ್ಟಿಗೂ ಜಾಸ್ತಿ. ಕಿರಿದಾದ ಕಾಲುವೆಯಲ್ಲಿ ರಭಸವಾಗಿ ಬಂದ ನೀರು ಅಗಲ ಕೆರೆಗೆ ಬಿದ್ದ ಮೇಲೆ ಹೇಗೆ ನಿಂತುಬಿಡುತ್ತದೋ ಹೊಗೆಯೂ ಹಾಗೇ. ನಿಧಾನ ಆಗುತ್ತದೆ, ತಣ್ಣಗಾಗುತ್ತದೆ. ಅದರ ಮೇಲೆ ಚಿಮಣಿ ಮನೆಯ ಹೊರಗೆ, ಚಳಿಯಲ್ಲಿ. ರಾತ್ರಿ ಗಾಳಿಕಿಂಡಿ ಮುಚ್ಚಿ ಸೌದೆಯನ್ನು ಬೇಯಿಸುವ ಅಭ್ಯಾಸ ಬೇರೆ. ಇವೆಲ್ಲ ಒಂದೇ ಮನೆಯಲ್ಲಿ.

ಇನ್ನೊಂದು ಸಣ್ಣ ವಿಷಯ. ಭಾವ ಡಿಸೆಂಬರಿನಲ್ಲಿ ಮಸಿ ಕಳೆಯುವ ದಿಮ್ಮಿ ಅಂತ ಮಾರುವ ಒಂದನ್ನು ತಂದು ಒಲೆಯಲ್ಲಿ ಉರಿಸಿದ್ದರು. ಅದರೊಳಗಿನ ರಾಸಾಯನಿಕ ಕ್ರಿಯೋಸೋಟನ್ನು ಸ್ವಲ್ಪ ಒಣಗಿಸುತ್ತದೆ, ನಿಜ. ಒಣಗಿದ್ದನ್ನು ಹೊರಗೆ ತೆಗೆಯುವವರು ಯಾರು? ಬ್ರಷ್ಷಿನ ಬದಲು ಅದು ಅಂತ ಅಂದುಕೊಂಡರೆ ಮೋಸ ಹೋದ ಹಾಗೆ.

ಹಾಗಾದರೆ ಎಷ್ಟು ಸಲ? ಅಕ್ಕ ಎರಡನೇ ಸಲ ಕೇಳಿದಾಗ ನಾನು ಬಾಯಿಗೆ ಬಂದ ಉತ್ತರ ಕೊಡಲಿಲ್ಲ.

ಬೇರೆ ಬೇರೆ ಕಡೆ ಬೇರೆ ಬೇರೆ ಲೆಕ್ಕ ಇದೆ. ಅಮೆರಿಕದಲ್ಲಿ ಅಗ್ನಿ ಸುರಕ್ಷತೆಯ ಒಂದು ಸಂಸ್ಥೆ ಹೊರಡಿಸಿದ ಎನ್‌ಎಫ್‌ಪಿಎ 211 ಅನ್ನುವ ಮಾನದಂಡ ಎಲ್ಲ ಚಿಮಣಿಗಳನ್ನೂ ವರ್ಷಕ್ಕೆ ಒಮ್ಮೆಯಾದರೂ ಪರೀಕ್ಷೆ ಮಾಡಬೇಕು ಅನ್ನುತ್ತದೆ. ಗಮನಿಸಿ, ಪರೀಕ್ಷೆ. ಗುಡಿಸುವುದು, ರಿಪೇರಿ ಮಾಡುವುದು ಅಗತ್ಯ ಕಂಡರೆ. ಆ ಅಗತ್ಯ ಯಾವಾಗ ಅನ್ನುವುದಕ್ಕೆ ಅಲ್ಲಿನ ಚಿಮಣಿ ಕೆಲಸದವರು ಹೇಳುವ ಗುರುತು ಒಂದು ಇಂಚಿನ ಎಂಟನೇ ಒಂದು ಭಾಗ, ಅಂದರೆ 3 ಮಿ.ಮೀ. ದಪ್ಪದ ಮಸಿ. ಹೊಳಪಿನ ಲೇಪ ಕಂಡರೆ ಅಷ್ಟೂ ಕಾಯುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಸೌದೆ ಉರಿಸುವವರಿಗೆ ಹೇಳುವುದು, ಒಲೆ ಬಳಕೆಯಲ್ಲಿರುವ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ ಗುಡಿಸಿ ಅಂತ. ಹೊಗೆ ಕಡಿಮೆ ಬರುವ ಇಂಧನಕ್ಕೆ ವರ್ಷಕ್ಕೊಮ್ಮೆಯಾದರೂ. ಜರ್ಮನಿಯಲ್ಲಿ ಇದು ಮನೆಯವರ ಇಷ್ಟಕ್ಕೆ ಬಿಟ್ಟ ವಿಷಯವೇ ಅಲ್ಲ. ಅಧಿಕಾರ ಪಡೆದ ಚಿಮಣಿ ಕೆಲಸದವರು ಏಳು ವರ್ಷದಲ್ಲಿ ಎರಡು ಸಲ ಮನೆಗೆ ಬಂದು ಒಲೆ, ಚಿಮಣಿ ಎಲ್ಲ ನೋಡಿ, ಈ ಮನೆಯಲ್ಲಿ ಯಾವುದನ್ನು ವರ್ಷಕ್ಕೆ ಎಷ್ಟು ಸಲ ಗುಡಿಸಬೇಕು ಅಂತ ಬರೆದು ಕೊಡುತ್ತಾರೆ.

ನನಗೆ ಹಿಡಿಸಿದ್ದು ಜರ್ಮನಿಯವರ ಈ ಕೊನೆಯ ಭಾಗ. ಪ್ರತಿ ಒಲೆಗೂ ಅದರದೇ ಲೆಕ್ಕ. ನೋಡುವುದಕ್ಕೆ ತಾರೀಖು ಗೊತ್ತುಮಾಡಬಹುದು. ಗುಡಿಸುವುದಕ್ಕೆ ತಾರೀಖು ಇಡಲು ಬರುವುದಿಲ್ಲ, ಅದನ್ನು ಮಸಿಯೇ ಹೇಳಬೇಕು. ನಾನು ಫೋನಿನಲ್ಲಿ ಎರಡನ್ನೂ ಕಲಸಿ ಒಂದು ಮಾಡಿದ್ದೆ.

ಅಮೆರಿಕದ ಆ ಮಾನದಂಡದಲ್ಲಿ ಪರೀಕ್ಷೆಗೂ ಮೂರು ಮಟ್ಟ ಇದೆ ಅನ್ನುವುದು ಮನೆ ಕೊಳ್ಳುವ ಮುಂಚೆ ಗೊತ್ತಿದ್ದಿದ್ದರೆ ಚೆನ್ನಾಗಿತ್ತು. ಒಲೆ, ಇಂಧನ, ಬಳಕೆ ಏನೂ ಬದಲಾಗದ ಮನೆಗೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳನ್ನು ನೋಡಿದರೆ ಸಾಕು. ಅದು ಮೊದಲ ಮಟ್ಟ. ಮನೆ ಕೈ ಬದಲಾದಾಗ, ಒಲೆ ಬದಲಾಯಿಸಿದಾಗ, ಬೆಂಕಿಯೋ ಭೂಕಂಪವೋ ಆದಾಗ ಎರಡನೇ ಮಟ್ಟ. ಒಳಗೆ ಕ್ಯಾಮೆರಾ ಇಳಿಸಬೇಕು, ಅಟ್ಟಕ್ಕೂ ಹೋಗಿ ನೋಡಬೇಕು. ಅನುಮಾನ ಬಲವಾಗಿದ್ದು ಒಡೆಯದೇ ನೋಡಲು ಆಗದಿದ್ದರೆ ಮೂರನೆಯದು, ನಾವು ಹಲಗೆ ಕಿತ್ತ ಹಾಗೆ. ಅಕ್ಕ-ಭಾವ ಮನೆ ಕೊಂಡಾಗಲೇ ಎರಡನೇ ಮಟ್ಟದ್ದು ಮಾಡಿಸಬೇಕಿತ್ತು. ಮನೆ ತೋರಿಸಿದವರು ಹಿಂದಿನ ವರ್ಷದ ಒಂದು ರಶೀದಿ ಕೊಟ್ಟಿದ್ದರು, ಇವರು ನಂಬಿದ್ದರು. ರಶೀದಿಗಳದ್ದೇ ಒಂದು ಕಥೆ ಈ ಮನೆಯಲ್ಲಿ.

ರಿಪೇರಿಯ ವಿವರ ಚುಟುಕಾಗಿ ಹೇಳುತ್ತೇನೆ. ಹೊಳಪಿನ ಲೇಪವನ್ನು ಸರಪಳಿ ಯಂತ್ರದಿಂದ ತೆಗೆಸಿದರು. ಒಲೆಯಿಂದ ಚಿಮಣಿಯ ತುದಿಯ ತನಕ 15 ಸೆಂ.ಮೀ.ನ ಸ್ಟೇನ್‌ಲೆಸ್ ಸ್ಟೀಲ್ ಲೈನರ್, ಅಂದರೆ ಒಳಕೊಳವೆ, ಇಳಿಸಿ, ಸುತ್ತ ಬಿಸಿ ತಡೆಯುವ ಹೊದಿಕೆ ಹಾಕಿಸಿದರು. ತೊಲೆ ಕತ್ತರಿಸಿ ಇಟ್ಟಿಗೆಯಿಂದ ದೂರಕ್ಕೆ ಸರಿಸಿದರು. ಹೊಸ ಮುಚ್ಚಳ, ಹೊಸ ಅಲಾರಂ. ಆ ಚಳಿಗಾಲದ ಉಳಿದ ದಿನಗಳನ್ನು ಕರೆಂಟ್ ಹೀಟರಿನಲ್ಲಿ ಕಳೆದರು. ಅಕ್ಕನ ಗೊಣಗಾಟ ಬೇರೆಯೇ ವಿಷಯ.

ಮುಂದಿನ ಚಳಿಗಾಲಕ್ಕೆ ನಾವು ಒಂದು ಲೆಕ್ಕ ಇಟ್ಟೆವು. ಸೌದೆ ಎಷ್ಟೋ ತಿಂಗಳು ಮುಂಚೆಯೇ ತಂದು ಒಟ್ಟಿದ್ದು. ಪ್ರತಿ ತಿಂಗಳ ಮೊದಲ ಭಾನುವಾರ, ಒಲೆ ಪೂರ್ತಿ ತಣ್ಣಗಾದ ಮೇಲೆ, ಭಾವ ಲೈನರಿನ ಕೆಳಗಿನ ಕಿಂಡಿ ತೆಗೆದು ಟಾರ್ಚು ಮತ್ತು ಪುಟ್ಟ ಕನ್ನಡಿ ಹಿಡಿದು ನೋಡಬೇಕು. ಒಂದು ಮರದ ಕಡ್ಡಿಗೆ ತುದಿಯಿಂದ 3 ಮಿ.ಮೀ. ಗೆ ಗೀಟು ಹಾಕಿಕೊಟ್ಟಿದ್ದೆ. ಮಸಿಯೊಳಗೆ ಕಡ್ಡಿ ಚುಚ್ಚಿದಾಗ ಗೀಟು ಮುಳುಗಿದರೆ ಫೋನ್ ಮಾಡಬೇಕು. ಮೊದಲ ಸಲ ಅವರು ಬರಿಮೂಗಿನಲ್ಲೇ ತಲೆ ತೂರಿಸಿದ್ದರು. "ಮಾಸ್ಕ್ ಹಾಕಿಕೊಳ್ಳಿ ಭಾವ" ಅಂದೆ. ಚಿಮಣಿ ಮಸಿ ಸುಮ್ನೆ ಕೊಳೆಯಲ್ಲ. ಪರ್ಸಿವಲ್ ಪಾಟ್ ಅನ್ನುವ ಇಂಗ್ಲಿಷ್ ವೈದ್ಯ ಚಿಮಣಿ ಗುಡಿಸುವವರಿಗೆ ಬರುತ್ತಿದ್ದ ಕ್ಯಾನ್ಸರಿಗೂ ಮಸಿಗೂ ನಂಟಿದೆ ಅಂತ 1775ರಲ್ಲೇ ಬರೆದಿದ್ದ. ಕೆಲಸದಿಂದ ಬರುವ ಕ್ಯಾನ್ಸರ್ ಅಂತ ಗುರುತಿಸಿದ ಮೊದಲ ಪ್ರಕರಣಗಳಲ್ಲಿ ಅದೊಂದು.

ಕೆಳಗಿನ ಕಿಂಡಿಯಿಂದ ಎಲ್ಲ ಕಾಣುವುದಿಲ್ಲ. ತಣ್ಣಗಿರುವ ಮೇಲ್ತುದಿಯಲ್ಲೇ ಜಾಸ್ತಿ ಕೂರುವುದು. ಹಾಗಾಗಿ ಆ ಮೊದಲ ವರ್ಷ ಚಳಿಗಾಲದ ನಡುವೆ, ಜನವರಿಯಲ್ಲಿ, ಆ ಹಿರಿಯರನ್ನೇ ಮತ್ತೆ ಕರೆಸಿ ಮೇಲಿನಿಂದಲೂ ನೋಡಿಸಿದೆವು. ತುದಿಯಲ್ಲಿ ಒಂದು ಮಿ.ಮೀ. ಸ್ವಲ್ಪ ಮೇಲೆ, ಬರೀ ಪುಡಿ. ಹೊಳಪು ಎಲ್ಲೂ ಇಲ್ಲ. ಏಪ್ರಿಲಿನಲ್ಲಿ ಗುಡಿಸಿದಾಗ ಎರಡು ಮಿ.ಮೀ. ಕೂಡ ಇರಲಿಲ್ಲ. ಹಿಂದೆ ಒಂದು ಬಕೆಟ್ ಬಿದ್ದಿತ್ತಲ್ಲ, ಈಗ ಬಿದ್ದದ್ದು ಬಕೆಟ್ಟಿನ ತಳ ಮುಚ್ಚುವಷ್ಟು. ಅದೇ ಮನೆ, ಅದೇ ಒಲೆ, ಹೆಚ್ಚುಕಡಿಮೆ ಅಷ್ಟೇ ಸೌದೆ.

"ಹಾಗಾದ್ರೆ ಎರಡು ವರ್ಷಕ್ಕೊಮ್ಮೆ ಕರೆಸಿದರೆ ಸಾಕಲ್ವಾ?" ಅಂದರು ಭಾವ. ಮಾತು ತರ್ಕಕ್ಕೆ ಸರಿಯಾಗೇ ಇತ್ತು. ನಾನೂ ಒಂದು ಕ್ಷಣ ಹೌದು ಅನ್ನಲಿದ್ದೆ. ಗುಡಿಸುವುದರ ಮಟ್ಟಿಗೆ ಅದು ನಿಜವೂ ಹೌದು.

ಉತ್ತರ ಅಕ್ಟೋಬರಿನಲ್ಲಿ ಸಿಕ್ಕಿತು. ಒಲೆ ಹಚ್ಚುವ ಮುಂಚೆ ಒಮ್ಮೆ ಮೇಲೆ ನೋಡಿಬಿಡಿ ಅಂತ ಕೇಳಿಕೊಂಡಿದ್ದೆವು. ಹೊಸ ಮುಚ್ಚಳದ ಜಾಲರಿ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಬೇಸಿಗೆಯಲ್ಲಿ ಯಾವುದೋ ಹಕ್ಕಿ ಅಲ್ಲಿಂದ ಇಳಿದು, ಕಡ್ಡಿ, ಹುಲ್ಲು, ಒಂದು ಪ್ಲಾಸ್ಟಿಕ್ ದಾರ, ಎಲ್ಲ ಸೇರಿಸಿ ಒಳ್ಳೆ ಮನೆ ಕಟ್ಟಿಕೊಂಡು, ಮರಿ ಮಾಡಿ ಹಾರಿಸಿ ಹೋಗಿತ್ತು. ಲೈನರಿನಲ್ಲಿ ಮಸಿ ಇಲ್ಲವೇ ಇಲ್ಲ, ಏಪ್ರಿಲಿನಲ್ಲಿ ಗುಡಿಸಿದ ಹಾಗೇ ಥಳಥಳ. ದಾರಿ ಮಾತ್ರ ಮುಕ್ಕಾಲು ಪಾಲು ಮುಚ್ಚಿತ್ತು. ಆ ದಿನ ಒಲೆ ಹಚ್ಚಿದ್ದರೆ ಹೊಗೆ, ಕಾರ್ಬನ್ ಮಾನಾಕ್ಸೈಡ್ ಎಲ್ಲ ಮನೆಗೇ ವಾಪಸ್. ಅಕ್ಕ ನನ್ನ ಕಡೆ ನೋಡಿ, "ನಾನು ಅವತ್ತೇ ಹೇಳಿದ್ದೆ, ಹಕ್ಕಿ ಗೂಡು ಅಂತ" ಅಂದಳು. ಒಂದು ವರ್ಷ ಒಂಬತ್ತು ತಿಂಗಳು ತಡವಾಗಿ ಅವಳ ಮಾತು ನಿಜ ಆಗಿತ್ತು.

ಇದರಿಂದ ಕೆಲಸದ ಹೊತ್ತೂ ನಿಕ್ಕಿಯಾಯಿತು. ಗುಡಿಸುವುದು ಚಳಿಗಾಲ ಮುಗಿದ ಕೂಡಲೇ ಆಗಬೇಕು. ಮಸಿ ಆಮ್ಲೀಯ. ಮಳೆ-ಬೇಸಿಗೆಯ ತೇವದ ಜೊತೆ ಸೇರಿದರೆ ಲೋಹವನ್ನೂ ಗಾರೆಯನ್ನೂ ತಿನ್ನುತ್ತದೆ, ವಾಸನೆಯೂ ಅದರದೇ. ಚಿಮಣಿ ಕೆಲಸದವರೂ ಆಗ ಬಿಡುವಾಗಿರುತ್ತಾರೆ. ಚಳಿ ಶುರುವಾದ ಮೇಲೆ ಅವರು ಯಾರ ಕೈಗೂ ಸಿಗುವುದಿಲ್ಲ. ಆದರೆ ಏಪ್ರಿಲಿನಲ್ಲಿ ಗುಡಿಸಿದ ಚಿಮಣಿಯನ್ನು ಅಕ್ಟೋಬರಿನಲ್ಲಿ ನೋಡದೇ ಹಚ್ಚುವ ಹಾಗಿಲ್ಲ. ನಡುವೆ ಹಕ್ಕಿಗಳಿಗೆ ಆರು ತಿಂಗಳು ರಜೆ ಕೊಟ್ಟಿರುತ್ತೇವೆ.

ಈ ಮನೆಯಲ್ಲಿ ಇನ್ನೊಂದು ಹೊಗೆ ದಾರಿಯೂ ಇದೆ, ನೀರು ಕಾಯಿಸುವ ಗ್ಯಾಸ್ ಬಾಯ್ಲರಿನದು. ಗ್ಯಾಸಿಗೆ ಮಸಿ ಎಲ್ಲಿದೆ ಅಂತ ಅದನ್ನು ಯಾರೂ ಮುಟ್ಟಿರಲಿಲ್ಲ. ಗ್ಯಾಸು ಉರಿದಾಗ ನೀರಿನ ಆವಿ ಜಾಸ್ತಿ ಬರುತ್ತದೆ. ಅದು ತಣ್ಣಗಾಗಿ ಆಮ್ಲೀಯ ಹನಿಯಾಗಿ ಇಳಿದು ಕೊಳವೆಯನ್ನು ಒಳಗಿನಿಂದ ಕೊರೆಯುತ್ತದೆ. ಗೂಡು ಕಟ್ಟುವ ಹಕ್ಕಿಗೆ ಇಂಧನ ಯಾವುದಾದರೂ ಒಂದೇ. ವರ್ಷಕ್ಕೊಮ್ಮೆ ಅದನ್ನೂ ನೋಡಿಸುತ್ತಾರೆ ಈಗ. ಬಳಸದೇ ಬಿಟ್ಟ ಚಿಮಣಿಗೂ ಇದೇ ಮಾತು. ವರ್ಷಗಳ ನಂತರ ಮತ್ತೆ ಹಚ್ಚುವುದಿದ್ದರಂತೂ ಕ್ಯಾಮೆರಾ ಇಳಿಸದೇ ಕಡ್ಡಿ ಗೀರಬಾರದು.

ಚಿಮಣಿ ಕೆಲಸದವರನ್ನು ಹೇಗೆ ಆರಿಸುವುದು ಅಂತ ಅಕ್ಕನ ಸ್ನೇಹಿತೆಯೊಬ್ಬರು ಕೇಳಿದರು. ಅಕ್ಕ ಈಗ ಫೋನಿನಲ್ಲೇ ಕೇಳುತ್ತಾಳೆ: ಒಳಗೆ ಕಂಡದ್ದರ ಫೋಟೋ ಕೊಡ್ತೀರಾ? ಮಸಿ ಪುಡಿಯೋ, ಚಕ್ಕೆಯೋ, ಹೊಳಪೋ, ಎಷ್ಟು ದಪ್ಪ ಅಂತ ಬರೆದು ಕೊಡ್ತೀರಾ? ಮುಚ್ಚಳ ಬಿಚ್ಚಿ ತಿಕ್ತೀರಾ? ಕೊನೆಯದನ್ನು ಅವಳು ಸ್ವಲ್ಪ ದನಿ ಏರಿಸಿಯೇ ಕೇಳುತ್ತಾಳೆ. ಈ ಮೂರಕ್ಕೂ ತಡವರಿಸುವವರಿಗೆ ಥ್ಯಾಂಕ್ಸ್ ಹೇಳಿ ಇಟ್ಟುಬಿಡುತ್ತಾಳೆ.

ಸೌದೆ ಕೊಟ್ಟಿಗೆಯ ಬಾಗಿಲಿನ ಒಳಬದಿಯಲ್ಲಿ ಭಾವ ಒಂದು ರಟ್ಟು ಹೊಡೆದಿದ್ದಾರೆ. ದಾರ ಕಟ್ಟಿದ ಪೆನ್ಸಿಲ್, ಗೀಟು ಹಾಕಿದ ಆ ಕಡ್ಡಿ, ಎರಡೂ ಪಕ್ಕದಲ್ಲೇ ನೇತಾಡುತ್ತವೆ. ಹೋದ ವಾರ ಹೋಗಿದ್ದಾಗ ನೋಡಿದೆ. ಮಾರ್ಚ್‌ನ ಸಾಲಿನಲ್ಲಿ ಬರೆದಿದ್ದರು: "ಮಸಿ ಒಂದೂವರೆ ಮಿ.ಮೀ. ಪುಡಿ. ಸೌದೆ ಒಳಮೈ 17. ಗಾಜು ಸ್ವಚ್ಛ." ಅದರ ಕೆಳಗೆ ಅಕ್ಕನ ಅಕ್ಷರದಲ್ಲಿ: "ಮಾಸ್ಕ್ ಹಾಕಿಕೊಂಡಿರಲಿಲ್ಲ."